ಹುಚ್ಚಿನ ಕಡತದಲ್ಲಿ ಒಬ್ಬ ದತ್ತುಮಗ

ಕೊಲ್ಲಾಪುರದ ನಾಲ್ಕನೆಯ ಶಿವಾಜಿ ನಮ್ಮ ಓದಿನಲ್ಲಿ ಬರುವುದು ಒಂದೇ ವಾಕ್ಯದಲ್ಲಿ. ಹಿಂದಿನ ಅರಸ 1883ರಲ್ಲಿ ತೀರಿಕೊಂಡ, ಆದ್ದರಿಂದ ಕಾಗಲ್‌ನ ಘಾಟ್ಗೆ ಮನೆತನದ ಯಶವಂತರಾವ್ ಎಂಬ ಹುಡುಗನನ್ನು 1884ರಲ್ಲಿ ದತ್ತು ತೆಗೆದುಕೊಂಡರು, ಆ ಹುಡುಗನೇ ಮುಂದೆ ರಾಜರ್ಷಿ ಶಾಹೂ ಮಹಾರಾಜರಾದರು. ಇಷ್ಟು ಹೇಳಿ ಚರಿತ್ರಕಾರರು ಮುಂದೆ ಹೋಗುತ್ತಾರೆ. ತರಗತಿಯಲ್ಲಿ ನಾನೂ ಹೀಗೇ ಪಾಠ ಮಾಡಬೇಕು, ಪಠ್ಯದಲ್ಲಿರುವುದು ಅಷ್ಟೇ. ಆ 'ಆದ್ದರಿಂದ' ಎಂಬ ಪದದ ಹಿಂದೆ ಇಪ್ಪತ್ತು ವರ್ಷದ ಒಬ್ಬ ರೋಗಿಯ ಹೆಣ ಇದೆ. ಈ ಲೇಖನ ಅದರ ಬಗ್ಗೆ.

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಒಬ್ಬ ಮರಾಠಾ ಅರಸನಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆಯೇ. ಅರಸರ ಕಣ್ಣೀರು ಒರೆಸುವುದಕ್ಕೆ ನಮ್ಮ ಹತ್ತಿರ ಬಟ್ಟೆ ಉಳಿದಿಲ್ಲ. ಆದರೆ ದಲಿತ ವಿಮರ್ಶೆಯೆಂದರೆ ದಲಿತರು ಬರೆದದ್ದನ್ನು ಓದುವುದು ಮಾತ್ರವಲ್ಲ. ಒಂದು ಸಮಾಜ ಯಾರ ನೋವನ್ನು ನೋವೆಂದು ಒಪ್ಪುತ್ತದೆ, ಒಪ್ಪುವ ಮೊದಲು ಏನು ಸಾಬೀತು ಕೇಳುತ್ತದೆ ಎಂಬುದನ್ನು ಶೋಧಿಸುವ ಕ್ರಮವೂ ಹೌದು. ಆ ದೃಷ್ಟಿಯಿಂದ ನೋಡಿದರೆ ಈ ಹುಡುಗನ ಕಥೆ ನಮ್ಮ ಕೇರಿಯಿಂದ ಬಹಳ ದೂರದ್ದೇನಲ್ಲ.

ಮೊದಲು ದತ್ತಿನ ಸಂಗತಿ. ವಸಾಹತುಶಾಹಿಯ ಕಾಲದಲ್ಲಿ ದತ್ತು ಎಂಬುದು ಮನೆಯೊಳಗಿನ ವಿಷಯವಾಗಿ ಉಳಿಯಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ, ಚೆನ್ನಮ್ಮನ ಯುದ್ಧ ಆಯಿತು. ನರಗುಂದದ ಬಾಬಾಸಾಹೇಬನಿಗೂ ದತ್ತಿನ ಹಕ್ಕು ಸಿಗಲಿಲ್ಲ, 1858ರಲ್ಲಿ ಅವನು ದಂಗೆ ಎದ್ದ. ಸಾತಾರೆ, ಝಾನ್ಸಿಗಳೂ ಇದೇ ದಾರಿಯಲ್ಲಿ ಹೋದವು. ಆಮೇಲೆ ಸರ್ಕಾರ ಬುದ್ಧಿ ಕಲಿತು, 1862ರಲ್ಲಿ ಅರಸರಿಗೆ ದತ್ತಿನ ಸನದುಗಳನ್ನು ಕೊಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೇ 1881ರಲ್ಲಿ ರಾಜ್ಯ ಮರಳಿ ಬಂತು. ದತ್ತುಮಗನನ್ನು ತಿರಸ್ಕರಿಸುವುದಕ್ಕಿಂತ, ಅವನು ಎಳೆಯವನಿರುವಾಗಲೇ ಕೈಗೆ ತೆಗೆದುಕೊಂಡು ತನಗೆ ಬೇಕಾದ ಹಾಗೆ ಬೆಳೆಸುವುದು ಲಾಭದ ಕೆಲಸ ಎಂದು ಬ್ರಿಟಿಷರಿಗೆ ಅಷ್ಟರೊಳಗೆ ಗೊತ್ತಾಗಿತ್ತು.

ಕೊಲ್ಲಾಪುರದಲ್ಲಿ ಹದಿನೆಂಟು ವರ್ಷಕ್ಕೆ ಮೂರು ದತ್ತು. 1866ರಲ್ಲಿ ಮೂರನೆಯ ಶಿವಾಜಿಯ ನಂತರ ಗಾದಿಗೆ ಬಂದ ರಾಜಾರಾಮನೂ ದತ್ತಿನವನೇ. ಅವನು ಯುರೋಪು ನೋಡಲು ಹೋಗಿ ವಾಪಸು ಬರುವಾಗ 1870ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡ, ಇಪ್ಪತ್ತರ ಪ್ರಾಯ. ಆರ್ನೋ ನದಿಯ ದಂಡೆಯಲ್ಲಿ ಅವನನ್ನು ಸುಟ್ಟ ಜಾಗದಲ್ಲಿ ಇವತ್ತಿಗೂ ಅವನ ಪ್ರತಿಮೆ ಇದೆ, ಹತ್ತಿರದ ಸೇತುವೆಗೂ 'ಇಂಡಿಯನ್' ಎಂಬ ಹೆಸರೇ ಬಿದ್ದಿದೆ. ಅವನ ಜಾಗಕ್ಕೆ 1871ರಲ್ಲಿ ನಾರಾಯಣರಾವ್ ಎಂಬ ಎಂಟು ವರ್ಷದ ಹುಡುಗನನ್ನು ತಂದು, ಶಿವಾಜಿ ಎಂದು ಹೆಸರಿಟ್ಟು ಕೂರಿಸಿದರು. ಅವನೇ ಈ ನಾಲ್ಕನೆಯ ಶಿವಾಜಿ. ಅವನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ಅಗೌರವದಿಂದಲ್ಲ. ಅವನ ವಯಸ್ಸು ಎಷ್ಟಿತ್ತು ಅನ್ನೋದು ಓದುವವರಿಗೆ ಮರೆಯಬಾರದು, ಅದಕ್ಕೆ.

ಹೆತ್ತವರು ಇಟ್ಟ ಹೆಸರು ಹೋಯಿತು. ಹದಿನೇಳನೇ ಶತಮಾನದ ಅಷ್ಟು ದೊಡ್ಡ ಹೆಸರು ಒಂದೇ ದಿನದಲ್ಲಿ ಮೈಮೇಲೆ ಬಂತು. ಮನೆ ಬದಲಾಯಿತು, ತಾಯಿ ಬದಲಾದಳು, ಗುರುಗಳಾಗಿ ಇಂಗ್ಲಿಷ್ ಅಧಿಕಾರಿಗಳು ಬಂದರು. ಹರೆಯಕ್ಕೆ ಬರುವ ಹೊತ್ತಿಗೆ ಅವನ ಮನಸ್ಸು ಸ್ವಸ್ಥವಿಲ್ಲ ಎಂಬ ಮಾತು ಹುಟ್ಟಿತು. ಅದು ನಾಲ್ಕು ದಿನದ ಜ್ವರದಂತೆ ಬಂದು ಹೋದದ್ದಲ್ಲ. ವರ್ಷಗಟ್ಟಲೆ ಎಳೆಯಿತು. ಕಾವಲು, ವೈದ್ಯರು, ಜಾಗ ಬದಲಾವಣೆ, ಮತ್ತೆ ಕಾವಲು. 1882ರಲ್ಲಿ ಅವನನ್ನು ಕೊಲ್ಲಾಪುರದಿಂದ ಅಹಮದನಗರದ ಕೋಟೆಗೆ ಸಾಗಿಸಿದರು. ಈಗ ಆ ಊರಿಗೆ ಅಹಿಲ್ಯಾನಗರ ಎಂದು ಹೆಸರು. ರಾಜ್ಯ ನೋಡಿಕೊಳ್ಳಲು ರೀಜೆಂಟರ ಮಂಡಳಿ ಬಂತು, ಅದರ ಮುಖ್ಯಸ್ಥರು ಕಾಗಲ್‌ನ ಜೈಸಿಂಗರಾವ್ ಘಾಟ್ಗೆ. 1883ರ ಡಿಸೆಂಬರ್ 25ರಂದು ಅರಸ ಅಹಮದನಗರದಲ್ಲೇ ಸತ್ತ. ಅವನನ್ನು ನೋಡಿಕೊಳ್ಳಲು ಇಟ್ಟಿದ್ದ ಗ್ರೀನ್ ಎಂಬ ಬ್ರಿಟಿಷ್ ಸಿಪಾಯಿಯ ಜೊತೆ ಕೈಕೈ ಮಿಲಾಯಿಸಿದಾಗ ಆದ ಸಾವು ಅದು. ರೋಗಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ದಾದಿಯನ್ನಲ್ಲ, ಸಿಪಾಯಿಯನ್ನು ಇಟ್ಟಿದ್ದರು ಎಂಬಲ್ಲೇ ಅರ್ಧ ಕಥೆ ಇದೆ.

ಅಹಮದನಗರದ ಕೋಟೆ ಎಂದ ಕೂಡಲೇ ಓದಿದವರಿಗೆ ನೆನಪಾಗುವುದು 1942ರಿಂದ 1945ರವರೆಗೆ ಅಲ್ಲಿ ಸೆರೆಯಲ್ಲಿದ್ದ ನೆಹರೂ, ಅಲ್ಲಿ ಅವರು ಬರೆದ ದೊಡ್ಡ ಪುಸ್ತಕ. ಪುಸ್ತಕ ಬರೆಯಲಾಗದ ಕೈದಿಗೆ ಕೋಟೆಯಲ್ಲಿ ಕೋಣೆ ಇತ್ತು, ಚರಿತ್ರೆಯಲ್ಲಿ ಇರಲಿಲ್ಲ.

ಈ ಅರಸನ ಪ್ರಕರಣ ರಾಷ್ಟ್ರೀಯವಾದಿ ಚರಿತ್ರೆಯಲ್ಲಿ ಬಹಳ ಹೆಸರು ಮಾಡಿದೆ, ಆದರೆ ಬೇರೆ ಕಾರಣಕ್ಕೆ. 1881ರಲ್ಲಿ ಶುರುವಾದ 'ಕೇಸರಿ' ಮತ್ತು 'ಮರಾಠಾ' ಪತ್ರಿಕೆಗಳು, ಅರಸನಿಗೆ ಕಿರುಕುಳ ಕೊಟ್ಟು ಹುಚ್ಚನನ್ನಾಗಿ ಮಾಡಲಾಗುತ್ತಿದೆ ಎಂದು ಕೊಲ್ಲಾಪುರದ ದಿವಾನ ಬರ್ವೆಯವರ ಮೇಲೆ ಆರೋಪ ಮಾಡಿ ಕೆಲವು ಕಾಗದಗಳನ್ನು ಅಚ್ಚು ಹಾಕಿದವು. ದಿವಾನರು ಮಾನನಷ್ಟದ ದಾವೆ ಹೂಡಿದರು. ಕಾಗದಗಳು ನಕಲಿ ಎಂದಾಯಿತು. ತಿಲಕ್ ಮತ್ತು ಅಗರಕರ್ ಕ್ಷಮೆ ಕೇಳಿದರೂ 1882ರ ಜುಲೈನಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಜೆ ಆಯಿತು. ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದು ಅಕ್ಟೋಬರಿನಲ್ಲಿ ಹೊರಬಂದರು. ಅಗರಕರ್ ಆ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಲೋಕಮಾನ್ಯರ ಮೊದಲ ಜೈಲುವಾಸ ಎಂದು ಇದನ್ನು ಮಕ್ಕಳಿಗೂ ಕಲಿಸುತ್ತಾರೆ.

ಅವರಿಗೆ ಜಾಮೀನು ಕೊಟ್ಟವರು ಯಾರು? ಪುಣೆಯ ರಾಮಶೇಠ್ ಉರವಣೆ, ಹತ್ತು ಸಾವಿರ ರೂಪಾಯಿಗೆ. ಕೊಡಿಸಿದವರು ಜ್ಯೋತಿಬಾ ಫುಲೆ. ಸತ್ಯಶೋಧಕರಿಗೂ ಪುಣೆಯ ಬ್ರಾಹ್ಮಣ ಪತ್ರಕರ್ತರಿಗೂ ಇದ್ದ ದೂರ ಎಂಥದು ಅನ್ನೋದು ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ. ಅದೇ ಅಕ್ಟೋಬರಿನಲ್ಲಿ ಫುಲೆಯವರು ಹಂಟರ್ ಶಿಕ್ಷಣ ಆಯೋಗಕ್ಕೆ ಶೂದ್ರಾತಿಶೂದ್ರರ ಶಾಲೆಗಳ ಬಗ್ಗೆ ತಮ್ಮ ಮನವಿಯನ್ನು ಕೊಟ್ಟರು. ತಮ್ಮನ್ನು ಕಂಡರಾಗದವರಿಗೂ ನ್ಯಾಯದ ಬಾಗಿಲಲ್ಲಿ ನಿಂತು ಹಣ ಹೊಂದಿಸಿದ ಈ ಔದಾರ್ಯ ತಿಲಕರ ಚರಿತ್ರೆಗಳಲ್ಲಿ ಅರ್ಧ ಸಾಲು ಪಡೆದರೆ ಹೆಚ್ಚು. ಮುಂದೆ 1901ರಲ್ಲಿ ಶಾಹೂ ಮಹಾರಾಜರು ತಮ್ಮ ಮನೆಯ ವಿಧಿಗಳು ವೇದೋಕ್ತವಾಗಿ ನಡೆಯಬೇಕೆಂದಾಗ 'ಕೇಸರಿ' ಎದುರು ನಿಂತಿತು. ಕೊಲ್ಲಾಪುರದ ಛತ್ರಪತಿ ಬ್ರಿಟಿಷರ ಕೈಯಲ್ಲಿ ನೊಂದಾಗ ಅವನು ಮಹಾರಾಷ್ಟ್ರದ ಮಾನ, ಪುರೋಹಿತನ ಬಾಯಲ್ಲಿ ಶೂದ್ರನೆನಿಸಿಕೊಂಡಾಗ ಅದು ಶಾಸ್ತ್ರದ ವಿಷಯ. ಇಪ್ಪತ್ತು ವರ್ಷದಲ್ಲಿ ಗಾದಿ ಅದೇ, ಪತ್ರಿಕೆ ಅದೇ.

ಇದನ್ನು ಅನೇಕರು ಗುರುತಿಸಿದ್ದಾರೆ. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಆಗಿನ ವಾದ ಎರಡೇ ಕವಲಿನದು. ಸರ್ಕಾರ ಹೇಳಿತು, ಹುಡುಗ ಹುಚ್ಚ, ಆದ್ದರಿಂದ ಕಾವಲು ಬೇಕು. ಪತ್ರಿಕೆಗಳು ಹೇಳಿದವು, ಹುಡುಗ ಹುಚ್ಚನಲ್ಲ, ಅವನನ್ನು ಹುಚ್ಚನನ್ನಾಗಿ ಮಾಡಲಾಗುತ್ತಿದೆ. ಇಬ್ಬರ ವಾದದ ತಳದಲ್ಲಿ ಒಂದೇ ನಂಬಿಕೆ ಇದೆ ನೋಡಿ. ಅವನು ನಿಜವಾಗಿ ಹುಚ್ಚನೇ ಆಗಿದ್ದರೆ ಅವನಿಗೆ ಆಗುತ್ತಿದ್ದದ್ದೆಲ್ಲ ಸರಿ ಎಂಬ ನಂಬಿಕೆ! ಆರೋಪ ಮಾಡಿದವರಿಗೂ ಅರಸನ ಸ್ವಸ್ಥತೆಯನ್ನು ಸಾಧಿಸುವ ಹಟ ಇತ್ತೇ ಹೊರತು, ಅಸ್ವಸ್ಥನಾದರೇನು, ಅಸ್ವಸ್ಥನಿಗೆ ಹೊಡೆಯಬಹುದೇ, ಅವನನ್ನು ಕೋಟೆಯಲ್ಲಿಡಬಹುದೇ ಎಂದು ಕೇಳುವ ಭಾಷೆ ಅವರ ಬಳಿ ಇರಲಿಲ್ಲ. ಆದ್ದರಿಂದ ಕಾಗದಗಳು ನಕಲಿ ಎಂದಾದ ಕೂಡಲೇ ಅವರ ವಾದವೇ ಕುಸಿಯಿತು. ಕಾಗದ ನಕಲಿಯಾದರೆ ಹುಡುಗನ ನೋವೂ ನಕಲಿಯೇ? ಕೋರ್ಟಿನ ಮುಂದೆ ಇದ್ದದ್ದು ದಿವಾನರ ಮಾನ, ಸಂಪಾದಕರ ತಪ್ಪು. ಹುಡುಗ ಸಾಕ್ಷಿಯೂ ಅಲ್ಲ, ಕಕ್ಷಿದಾರನೂ ಅಲ್ಲ.

ದಲಿತ ವಿಮರ್ಶೆಗೆ ಈ ತರ್ಕ ಚೆನ್ನಾಗಿ ಗೊತ್ತು. ನಮ್ಮವನಿಗೆ ಏಟು ಬಿದ್ದಾಗ ಊರು ಮೊದಲು ಕೇಳುವುದು ಅವನು ಕದ್ದಿದ್ದನೇ, ಕುಡಿದಿದ್ದನೇ, ಎದುರು ಮಾತಾಡಿದ್ದನೇ ಎಂದು. ನಾವು ಕೂಡ ಇಲ್ಲ, ಇಲ್ಲ, ಅವನು ಒಳ್ಳೆಯವನು, ಓದಿದವನು ಅಂತ ಸಾಕ್ಷಿ ಒದಗಿಸಲು ಓಡಾಡುತ್ತೇವೆ. ಕುಡಿದಿದ್ದರೂ ಹೊಡೆಯುವ ಹಕ್ಕು ನಿನಗಿಲ್ಲ ಎನ್ನುವ ಮೊದಲ ಮಾತು ಕೊನೆಗೂ ಹೊರಡುವುದಿಲ್ಲ. ನಮ್ಮ ಸಾಹಿತ್ಯದಲ್ಲೂ ಈ ಚಾಳಿ ಸೇರಿಕೊಂಡಿದೆ. ನಮ್ಮ ನಾಯಕರು ರೋಗ ಬಂದಾಗಲೂ ಗಟ್ಟಿಯಾಗಿಯೇ ಇರಬೇಕು. ಬಾಬಾಸಾಹೇಬರು ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿಂದ ಎಷ್ಟು ಬಳಲಿದರು, ಕಾಲುಗಳು ಹೇಗೆ ಸೋತವು ಎಂಬುದನ್ನು ತ್ಯಾಗದ ಕಥೆಯಾಗಿ ಹೇಳುತ್ತೇವೆ. ರೋಗಿಯ ದಿನಚರಿಯಾಗಿ ಓದಲು ಹಿಂಜರಿಯುತ್ತೇವೆ. ರೋಗ ಅಂದರೆ ಸೋಲು ಎಂಬ ಯಜಮಾನಿಕೆಯ ಪಾಠವನ್ನು ನಾವೂ ಕಲಿತಿದ್ದೇವೆ ಅಂತ ನನ್ನ ಅನುಮಾನ.

ನಮ್ಮ ಮನೆಯ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ನನ್ನ ಅಜ್ಜನ ತಮ್ಮನನ್ನು ಚಿಕ್ಕಂದಿನಲ್ಲೇ, ದೂಧಗಂಗಾ ನದಿಯ ಆಚೆ ದಂಡೆಯ ಊರಿನಲ್ಲಿ ಮಕ್ಕಳಿಲ್ಲದ ನೆಂಟರಿಗೆ ದತ್ತು ಕೊಟ್ಟಿದ್ದರು. ಸನದು ಇಲ್ಲ, ಹೋಮ ಇಲ್ಲ. ಒಂದು ಅಂಗಿ, ಒಂದು ತೆಂಗಿನಕಾಯಿ, ಕೇರಿಯ ಹಿರಿಯರ ಮುಂದೆ ಒಂದು ಮಾತು. ಆ ನೆಂಟರಿಗೆ ಊರ ಚಾಕರಿಯ ವತನ ಇತ್ತು. ಅಂದರೆ ತಮಟೆ ಬಾರಿಸುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಊರೂರು ತಿರುಗುವುದು. ಅದಕ್ಕೆ ಬದಲು ಒಂದು ತುಂಡು ನೆಲ, ಸುಗ್ಗಿಯಲ್ಲಿ ಆಯ. ಮುಂದೆ ಚಾಕರಿ ಮಾಡಲು ಗಂಡುಮಗ ಬೇಕಿತ್ತು, ಇಲ್ಲದಿದ್ದರೆ ನೆಲ ಹೋಗುತ್ತಿತ್ತು. ಅರಸರ ಮನೆಯ ದತ್ತು ಗಾದಿ ಕೊಟ್ಟ ಹಾಗೆ ನಮ್ಮಲ್ಲಿಯ ದತ್ತು ತಮಟೆ ಕೊಡುತ್ತಿತ್ತು. ಎರಡೂ ಕಡೆ ಖಾಲಿ ಜಾಗ ಮೊದಲೇ ಕಾಯುತ್ತಿರುತ್ತದೆ, ಹುಡುಗನನ್ನು ಅದಕ್ಕೆ ಅಳತೆ ಮಾಡಿ ತರುತ್ತಾರೆ.

ಆ ಚಿಕ್ಕಜ್ಜನಿಗೆ ಮೂರ್ಛೆರೋಗ ಇತ್ತು. ಹೊಲದಲ್ಲಿ, ಸಂತೆಯಲ್ಲಿ, ತಮಟೆ ಬಾರಿಸುವಾಗ ನಡುವೆಯೇ ಬೀಳುತ್ತಿದ್ದನಂತೆ. ಊರವರ ಪಾಲಿಗೆ ಅದು ದೇವರ ಸಿಟ್ಟು, ದತ್ತು ತಂದವರ ಪಾಲಿಗೆ ಮೋಸ. ರೋಗ ಮುಚ್ಚಿಟ್ಟು ಹುಡುಗನನ್ನು ಕೊಟ್ಟಿರಿ ಎಂದು ಜಗಳ ಮಾಡಿದರಂತೆ. ಅಜ್ಜಿ ಹೇಳುತ್ತಿದ್ದಳು: "ಅಂವಗ ಹುಚ್ಚ ಇರಲಿಲ್ಲೋ ತಮ್ಮಾ, ಬೀಳ್ತಿದ್ದ ಅಷ್ಟ. ಎದ್ದ ಮ್ಯಾಲ ಎಲ್ಲಾರಗಿಂತ ಶ್ಯಾಣ್ಯಾ." ದವಾಖಾನೆಗೆ ಕರೆದುಕೊಂಡು ಹೋದರೆ ಅಲ್ಲಿದ್ದ ಡಾಕ್ಟರು ಮೆಟ್ಟಿಲ ಕೆಳಗೇ ನಿಲ್ಲಿಸಿ, ನಾಲಿಗೆ ಚಾಚು ಎಂದು ದೂರದಿಂದ ನೋಡಿ, ಪುಡಿ ಕಟ್ಟಿ ಕಟ್ಟೆಯ ಮೇಲೆ ಇಡುತ್ತಿದ್ದನಂತೆ. ನಾಡಿ ಹಿಡಿಯಲಿಲ್ಲ. ಬಹಳ ವರ್ಷ ಅವನು ಬದುಕಿದ್ದ, ಯಾವ ಡಾಕ್ಟರೂ ನಾಡಿ ಹಿಡಿಯದೆಯೇ ಬದುಕಿದ್ದ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದು ವತನ ಹೋದ ಮೇಲೂ ಊರು ಅವನನ್ನು ಚಾಕರಿಗೆ ಕರೆಯುತ್ತಲೇ ಇತ್ತು ಎಂದು ಅಜ್ಜಿಯ ಮಾತು. ಅಜ್ಜಿಯೂ ಅವನ ಪರವಾಗಿ ಮೊದಲು ಹೇಳಿದ್ದು 'ಹುಚ್ಚ ಇರಲಿಲ್ಲ' ಎಂದೇ. ಅವಳಿಗೆ ಬೇರೆ ಮಾತು ಯಾರು ಕಲಿಸಿದ್ದರು?

ಹುಚ್ಚನೆಂದರೆ ನಮ್ಮ ಉತ್ತರ ಕರ್ನಾಟಕದಲ್ಲಿ 'ಧಾರವಾಡಕ್ಕ ಕಳಿಸಬೇಕು' ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಿಂದ ಅಲ್ಲಿರುವ ಹುಚ್ಚಾಸ್ಪತ್ರೆಯೇ ಈ ಮಾತಿಗೆ ಮೂಲ. ಚರಿತ್ರೆಯ ವ್ಯಂಗ್ಯ ನೋಡಿ, ಹುಚ್ಚನೆಂದು ಸತ್ತ ಅರಸನ ಜಾಗಕ್ಕೆ ಬಂದ ದತ್ತುಮಗನನ್ನೂ ಧಾರವಾಡಕ್ಕೇ ಕಳಿಸಿದರು, ಓದಲಿಕ್ಕೆ. 1884ರ ಮಾರ್ಚ್ 17ರಂದು, ತೀರಿಕೊಂಡ ಅರಸನ ವಿಧವೆ ಆನಂದೀಬಾಯಿಯವರು ಯಶವಂತರಾವ್‌ನನ್ನು ದತ್ತು ತೆಗೆದುಕೊಂಡರು. ಅವನು ರೀಜೆಂಟ್ ಜೈಸಿಂಗರಾವ್ ಘಾಟ್ಗೆಯವರ ಹೆತ್ತ ಮಗ, ಒಂಬತ್ತು ವರ್ಷದವನು. ರಾಜಕೋಟೆಯ ಕಾಲೇಜಿನ ನಂತರ 1890ರಿಂದ 1894ರವರೆಗೆ ಧಾರವಾಡದಲ್ಲಿ ಫ್ರೇಸರ್ ಎಂಬ ಅಧಿಕಾರಿಯ ಕೈಕೆಳಗೆ ಓದಿದ. ಇದೇ ಫ್ರೇಸರ್ ಮುಂದೆ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜರಿಗೂ ಗುರುವಾದ. ಶಾಹೂ ಮಹಾರಾಜರ ವ್ಯಕ್ತಿತ್ವ ರೂಪುಗೊಂಡದ್ದರಲ್ಲಿ ಧಾರವಾಡದ ಪಾಲಿದೆ ಎಂದು ಹೆಮ್ಮೆಪಡುವ ನಮ್ಮವರು, ಆ ಹುಡುಗನ ತಲೆಯ ಮೇಲೆ ಹಿಂದಿನ ದತ್ತುಮಗನ ನೆರಳು ತೂಗುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದತ್ತುಮಗನಿಗೆ ಏನಾಗಬಹುದು ಎಂಬುದಕ್ಕೆ ತನ್ನ ಹೊಸ ಮನೆಯಲ್ಲೇ ಉದಾಹರಣೆ ಇಟ್ಟುಕೊಂಡು ಬೆಳೆದ ಹುಡುಗ ಅವನು.

ಫುಲೆ ದಂಪತಿಗಳ ದತ್ತನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಅವರು 1874ರಲ್ಲಿ ದತ್ತು ತೆಗೆದುಕೊಂಡದ್ದು ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗು ಯಶವಂತನನ್ನು. ಗಾದಿ ಖಾಲಿ ಇದೆ ಎಂದು ತಂದ ಮಗು ಅಲ್ಲ, ಬದುಕಲು ಜಾಗವಿಲ್ಲದ ಮಗುವಿಗೆ ಮನೆ ತೆರೆದದ್ದು. ಫುಲೆಯವರಿಗೆ 1888ರಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಕೊನೆಯ ಪುಸ್ತಕವನ್ನು ಎಡಗೈಯಲ್ಲಿ ಬರೆದರು. 1890ರಲ್ಲಿ ತೀರಿಕೊಂಡಾಗ ಆ ದತ್ತುಮಗನಿಗೆ ಅಂತ್ಯಕ್ರಿಯೆಯ ಹಕ್ಕಿಲ್ಲ ಎಂದು ನೆಂಟರು ತಕರಾರು ತೆಗೆದರು. ಸಾವಿತ್ರಿಬಾಯಿಯವರು ತಾವೇ ಮಡಕೆ ಹಿಡಿದು ಶವದ ಮುಂದೆ ನಡೆದರು. ಯಶವಂತ ಮುಂದೆ ಡಾಕ್ಟರಾದ. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು, ಆ ಸೇವೆಯಲ್ಲೇ ಸಾವಿತ್ರಿಬಾಯಿ ತೀರಿಕೊಂಡರು. ರೋಗಿಯನ್ನು ಮುಟ್ಟಿದ ಕೈಗಳ ಚರಿತ್ರೆ ಎಂದೇನಾದರೂ ನಾವು ಬರೆಯುವುದಾದರೆ ಅದು ಇಲ್ಲಿಂದ ಶುರುವಾಗಬೇಕು, ಆಸ್ಪತ್ರೆ ಕಟ್ಟಡದ ಶಂಕುಸ್ಥಾಪನೆಯಿಂದಲ್ಲ.

ಶಾಹೂ ಮಹಾರಾಜರ ಕೆಲಸಗಳ ಪಟ್ಟಿಯನ್ನು ಇಲ್ಲಿ ಪೂರ್ತಿ ಒಪ್ಪಿಸುವುದಿಲ್ಲ. 1902ರ ಜುಲೈ 26ರ ಶೇಕಡಾ 50ರ ಮೀಸಲಾತಿಯ ಆಜ್ಞೆ ಎಲ್ಲರಿಗೂ ಗೊತ್ತು. 1920ರ ಮಾರ್ಚಿನಲ್ಲಿ ಮಾಣಗಾವ್ ಪರಿಷತ್ತಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬರ್ಥದ ಮಾತಿನಲ್ಲಿ ಅಂಬೇಡ್ಕರರನ್ನು ಸ್ವಾಗತಿಸಿದ್ದೂ ಗೊತ್ತು. ಕಡಿಮೆ ಚರ್ಚೆಯಾಗುವುದು 1918 ಮತ್ತು 1919. 1918ರಲ್ಲಿ ಅವರು ಮಹಾರ ವತನವನ್ನು ರದ್ದು ಮಾಡಿದರು. ನನ್ನ ಚಿಕ್ಕಜ್ಜನ ಕಥೆ ಓದಿದವರಿಗೆ ಇದು ಎಂಥ ಆಜ್ಞೆ ಎಂದು ನಾನು ವಿವರಿಸಬೇಕಿಲ್ಲ. ಅವನು ಹುಟ್ಟುವ ಮೊದಲೇ, ಪಕ್ಕದ ಸೀಮೆಯಲ್ಲೇ ಅದು ಆಗಿಹೋಗಿತ್ತು, ಆದರೆ ಸೀಮೆ ಬೇರೆ. ಸಂಸ್ಥಾನದ ಗಡಿಕಲ್ಲು ದಾಟಿದರೆ ಆಜ್ಞೆ ಇಲ್ಲ, ತಮಟೆ ಇದೆ.

1919ರಲ್ಲಿ ಹೊರಟ ಆಜ್ಞೆಗಳು ಶಾಲೆ, ಬಾವಿ, ಧರ್ಮಶಾಲೆ, ಸರ್ಕಾರಿ ಕಟ್ಟಡ, ದವಾಖಾನೆ ಎಲ್ಲೂ ಅಸ್ಪೃಶ್ಯರಿಗೆ ಭೇದ ಮಾಡಕೂಡದು ಎಂದವು. ದವಾಖಾನೆಯನ್ನು ಆ ಪಟ್ಟಿಯಲ್ಲಿ ಸೇರಿಸಿದ್ದನ್ನು ಗಮನಿಸಿ. ಸುಧಾರಕರ ಭಾಷಣಗಳಲ್ಲಿ ಬಾವಿ ಬರುತ್ತದೆ, ಗುಡಿ ಬರುತ್ತದೆ, ಶಾಲೆ ಬರುತ್ತದೆ. ರೋಗಿಯಾಗಿ ಹೋದ ಅಸ್ಪೃಶ್ಯನ ಮೈಯನ್ನು ಡಾಕ್ಟರು ಮುಟ್ಟಬೇಕು ಎಂಬುದು ಅಪರೂಪಕ್ಕೆ ಬರುತ್ತದೆ. ಬಾವಿಯಲ್ಲಾದರೂ ನಡುವೆ ನೀರಿದೆ, ಹಗ್ಗವಿದೆ. ನಾಡಿ ಹಿಡಿಯುವಾಗ ಚರ್ಮಕ್ಕೆ ಚರ್ಮವೇ ತಾಗಬೇಕು, ಅಲ್ಲಿ ಜಾತಿಗೆ ಅಡಗಲು ಜಾಗವಿಲ್ಲ. ಮಹಾರಾಜರು ಇದನ್ನು ಉಪದೇಶಕ್ಕೆ ಬಿಡಲಿಲ್ಲ. ಅಸ್ಪೃಶ್ಯರನ್ನು ಸಮಾನವಾಗಿ ಕಾಣಲು ಒಪ್ಪದ ಅಧಿಕಾರಿ ಆರು ವಾರದೊಳಗೆ ರಾಜೀನಾಮೆ ಕೊಡಬೇಕು, ಅವನಿಗೆ ಪಿಂಚಣಿ ಸಿಗುವುದಿಲ್ಲ ಎಂದು ಆಜ್ಞೆಯಲ್ಲೇ ಹಾಕಿದರು. ಮನಸ್ಸು ಬದಲಾಗುವವರೆಗೆ ಕಾಯೋಣ ಎನ್ನುವವರು ಇದನ್ನು ಓದಬೇಕು. ಮನಸ್ಸಿನ ಗೊಡವೆಗೇ ಹೋಗದೆ ಪಿಂಚಣಿಗೆ ಕೈ ಹಾಕಿದ ಆಜ್ಞೆ ಇದು.

ಅಹಮದನಗರದ ಸಾವಿಗೂ ಈ ಆಜ್ಞೆಗೂ ಮೂವತ್ತೈದು ವರ್ಷದ ಅಂತರ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ವಾದಿಸುತ್ತಿಲ್ಲ, ಅಂಥ ಸರಳ ಗೆರೆಗಳನ್ನು ಎಳೆಯುವುದು ಭಾಷಣಕಾರರ ಕೆಲಸ. ಆದರೆ ಒಂದೇ ಗಾದಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತ ಇಬ್ಬರು ದತ್ತುಮಕ್ಕಳಲ್ಲಿ ಮೊದಲನೆಯವನು ಆರೈಕೆಯ ಹೆಸರಿನಲ್ಲಿ ಸಿಪಾಯಿಯ ಕೈಗೆ ಸಿಕ್ಕು ಸತ್ತ, ಎರಡನೆಯವರು ಆರೈಕೆ ಮಾಡುವ ಕೈ ಯಾರನ್ನು ಮುಟ್ಟಬೇಕು ಎಂದು ಕಾನೂನು ಬರೆದರು. ಎರಡನೆಯವರ ಜಯಂತಿಯನ್ನು ಪ್ರತಿವರ್ಷ ಜೂನ್ 26ಕ್ಕೋ ಜುಲೈ 26ಕ್ಕೋ ಎಂಬ ಚರ್ಚೆಯ ನಡುವೆಯೂ ನಮ್ಮ ಕಡೆಯ ಕೇರಿಗಳಲ್ಲಿ ಆಚರಿಸುತ್ತಾರೆ, ಫುಲೆ ಅಂಬೇಡ್ಕರರ ಪಕ್ಕದಲ್ಲಿ ಅವರ ಪಟ ಇರುತ್ತದೆ. ಮೊದಲನೆಯವನ ಪಟ ನಾನು ಯಾವ ಕೇರಿಯಲ್ಲೂ ಕಂಡಿಲ್ಲ. ಫ್ಲಾರೆನ್ಸ್‌ನಲ್ಲಿ ಸತ್ತ ರಾಜಾರಾಮನ ಪ್ರತಿಮೆಗೆ ಮೊನ್ನೆ ಮೊನ್ನೆಯೂ ನಮ್ಮ ಪ್ರವಾಸಿಗರು ಹಾರ ಹಾಕಿ ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಅಹಮದನಗರ ಕೊಲ್ಲಾಪುರದಿಂದ ಒಂದು ರಾತ್ರಿಯ ಬಸ್ಸಿನ ದಾರಿ.